ಅಪ್ಪನ ಎದೆನೋವು ಗ್ಯಾಸ್ಟ್ರಿಕ್ಕಾ ಹಾರ್ಟಾ, ಹೇಗೆ ಗೊತ್ತಾಗತ್ತೆ?

ನಿಮ್ಮ ಅಪ್ಪಂಗೆ 56, ಶುಗರ್ ಇದೆ, ಎರಡು ವಾರದಿಂದ ಮೆಟ್ಲು ಹತ್ತುವಾಗ ಎದೆ ಹಿಡ್ಕೊಳತ್ತೆ, ಕೂತ್ರೆ ಐದು ನಿಮಿಷಕ್ಕೆ ಬಿಡತ್ತೆ, ಮನೇಲಿ ಎಲ್ರೂ ಗ್ಯಾಸ್ಟ್ರಿಕ್ ಅಂತಿದಾರೆ ಅಂತ ಬರ್ದಿದೀರ. ನಾನು ತಾಲೂಕು ಆಸ್ಪತ್ರೆ ಕ್ಯಾಶುವಾಲ್ಟೀಲಿ ಡಾಕ್ಟ್ರು. ನಡೆದ್ರೆ ಬರೋದು ನಿಂತ್ರೆ ಹೋಗೋದು ಗ್ಯಾಸ್ಟ್ರಿಕ್ ಲಕ್ಷಣ ಅಲ್ಲ, ಹೃದಯದ ರಕ್ತನಾಳ ಕಿರಿದಾಗಿರೋ ಲಕ್ಷಣ, ಅದೂ ಹೊಸದಾಗಿ ಶುರುವಾಗಿದೆ ಅಂದ್ರೆ ದಯವಿಟ್ಟು ಇವತ್ತೇ ಕರ್ಕೊಂಡೋಗಿ.

ಒಂದ್ಸಲ ಬೆಳಗಿನ ಜಾವ ಒಬ್ರು ರೈತರು ಬಂದ್ರು. "ಎದೆನೋವಿಲ್ಲ ಡಾಕ್ಟ್ರೇ, ಹೊಟ್ಟೆ ಉಬ್ಬರ ಅಷ್ಟೇ" ಅಂತ ಮುಷ್ಟಿ ಕಟ್ಟಿ ಎದೆಗುಂಡಿಗೆ ಒತ್ಕೊಂಡು ಕೂತಿದ್ರು, ರಾತ್ರಿ ಸೋಡಾ ಕುಡ್ದು ಎರಡ್ಸಲ ವಾಂತಿ ಮಾಡಿದ್ರಂತೆ, ಅಂಗಿ ಬೆನ್ನಿಗೆ ಅಂಟ್ಕೊಂಡಿತ್ತು, ಹೆಂಡ್ತಿ ಟವಲಲ್ಲಿ ಹಣೆ ಒರೆಸ್ತಾನೇ ಇದ್ರು. ಇಸಿಜಿ ತೆಗೆದ್ರೆ ಹೃದಯದ ಕೆಳಭಾಗದ ಅಟ್ಯಾಕು. ಆ ಭಾಗದ್ದು ಹೊಟ್ಟೆನೋವಿನ ಥರಾನೂ ಬರ್ಬೋದು. ಶುಗರ್ ಇರೋರಿಗೆ ಕೆಲವು ಸಲ ನೋವೇ ಇರಲ್ಲ, ಬರೀ ಬೆವರು, ಸುಸ್ತು, ಉಸಿರು ಕಟ್ಟೋದು. ಆಂಟಾಸಿಡ್ ಕುಡ್ದ ಮೇಲೆ ಕಮ್ಮಿ ಆಯ್ತು ಅನ್ನೋದನ್ನ ನಾನು ಸಾಕ್ಷಿ ಅಂತ ತಗೊಳಲ್ಲ.

ಎದೆನೋವು ಅಂತ ಯಾರೇ ಬಂದ್ರೂ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು. ಆದ್ರೆ ಮೊದಲ್ನೇದು ನಾರ್ಮಲ್ ಬಂತು ಅಂತ ಮನೆಗೆ ಹೋಗ್ಬೇಡಿ, ಇದೇ ತಪ್ಪು ಜಾಸ್ತಿ ಆಗೋದು. ನೋವು ಇದ್ರೆ ಮತ್ತೆ ತೆಗೀತೀವಿ, ಹೃದಯದ ಸ್ನಾಯುಗೆ ಪೆಟ್ಟಾದ್ರೆ ರಕ್ತಕ್ಕೆ ಬರೋ ಟ್ರೋಪೋನಿನ್ ಏರೋಕೂ ಕೆಲವು ಗಂಟೆ ಬೇಕು, ಅದಕ್ಕೇ ಆ ರಕ್ತಪರೀಕ್ಷೆ ಎರಡ್ಸಲ ಮಾಡ್ತೀವಿ.

ಎಲ್ಲಾ ಎದೆನೋವೂ ಹಾರ್ಟ್ ಅಲ್ಲ, ನಿಜ. ಬೆರಳಿಟ್ಟು ಒತ್ತಿದ್ರೆ ಅಲ್ಲೇ ನೋಯತ್ತೆ ಅಂದ್ರೆ ಪಕ್ಕೆಲುಬಿನ ಸಂದು ಇರ್ಬೋದು, ಒಂದೇ ಕಡೆ ಪಟ್ಟಿ ಥರ ಉರಿದು ಎರಡು ದಿನಕ್ಕೆ ಗುಳ್ಳೆ ಎದ್ರೆ ಸರ್ಪಸುತ್ತು. ಮುಂದಕ್ಕೆ ಬಾಗಿ ಕೂತ್ರೆ ಆರಾಮ ಅನ್ಸಿದ್ರೆ ಹೃದಯದ ಹೊದಿಕೆ ಊತ ಇರ್ಬೋದು. ಆದ್ರೆ ಇನ್ನೆರಡು ಇದೆ, ಅವು ಹಾರ್ಟ್ ಅಟ್ಯಾಕಿನಷ್ಟೇ ಕೆಟ್ಟವು. ಎದೆಯಿಂದ ಬೆನ್ನಿಗೆ ಸೀಳಿದಂಗೆ ಒಮ್ಮೆಗೇ ಬರೋ ನೋವು ಮಹಾಪಧಮನಿ, ಅಂದ್ರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಸೀಳಿರ್ಬೋದು, ಆಗ ಎರಡು ಕೈಯ ಬಿಪಿ ಬೇರೆ ಬೇರೆ ಇರ್ಬೋದು, ಅದಕ್ಕೇ ಎರಡೂ ಕೈಯಲ್ಲಿ ನೋಡ್ತೀವಿ. ಆಪರೇಷನ್ ಆಗಿ ಮಲಗಿದ್ದೋರಿಗೆ ಒಂದು ಕಾಲು ಊದಿ, ಒಮ್ಮೆಗೇ ಉಸಿರುಗಟ್ಟಿ ಎದೆ ಚುಚ್ಚಿದ್ರೆ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿರ್ಬೋದು.

ರಾತ್ರಿ ಹೊತ್ತು ಕೂತಿದ್ದಾಗ್ಲೇ ನೋವು ಬಂದು, ಬೆವರಿ, ಕೈಗೋ ದವಡೆಗೋ ಹಬ್ಬಿದ್ರೆ 108ಕ್ಕೆ ಫೋನ್ ಮಾಡಿ, ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗ್ಬೇಡಿ. ಅಲರ್ಜಿ, ರಕ್ತಸ್ರಾವ ಇಲ್ಲ, ಬೆನ್ನಿಗೆ ಸೀಳೋ ನೋವೂ ಅಲ್ಲ ಅಂದ್ರೆ, 108ರೋರು ಹೇಳಿದ ಮೇಲೆ ಆಸ್ಪಿರಿನ್ 300 ಮಿಲಿಗ್ರಾಂ ಜಗಿದು ನುಂಗ್ಲಿ. ಪಕ್ಕದ್ಮನೆಯೋರು ಕೊಟ್ಟ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸೋ ಮಾತ್ರೆ) ಮಾತ್ರ ನಾಲಿಗೆ ಕೆಳಗೆ ಇಡಬೇಡಿ, ಆ ರೈತರಂಥ ಕೇಸಲ್ಲಿ ಬಿಪಿ ಪೂರ್ತಿ ಬಿದ್ದೋಗ್ಬೋದು. ದೊಡ್ಡಾಸ್ಪತ್ರೆ ದೂರ ಅಂತ ಕಾಯೋದೂ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ತಾಲೂಕು ಆಸ್ಪತ್ರೆಗಳಲ್ಲೇ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ, ಬೇಗ ಬಂದಷ್ಟೂ ಹೃದಯದ ಸ್ನಾಯು ಜಾಸ್ತಿ ಉಳಿಯತ್ತೆ.

ಇವತ್ತು ಹೋಗುವಾಗ ಅಪ್ಪನ ಮಾತ್ರೆ ಚೀಟಿ, ಹಳೇ ಇಸಿಜಿ ಇದ್ರೆ ಅದನ್ನೂ ತಗೊಂಡೋಗಿ, ಹೊಸದರ ಪಕ್ಕ ಇಟ್ಟು ನೋಡೋಕೆ ಡಾಕ್ಟ್ರಿಗೆ ತುಂಬಾ ಅನುಕೂಲ ಆಗತ್ತೆ.