ಪೆನ್ಸಿಲ್‌ನಿಂದ ತಳ್ಳಿದ ಬಿಸ್ಕತ್ತು

ಪೂರ್ವ ಲಂಡನ್ನಿನ ಶಾಲೆಯೊಂದರಲ್ಲಿ ನಾನು ಆಪ್ತಸಲಹೆಗಾರ್ತಿ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಜೋ ಅಂತ ಕರೆಯೋಣ. ಒಂಬತ್ತು ವರ್ಷ.

ಕ್ಲಾಸಿನಲ್ಲಿ ತೂಕಡಿಸುತ್ತಾನೆ, ಯಾರ ಜೊತೆಯೂ ಕೂತು ಊಟ ಮಾಡುವುದಿಲ್ಲ ಅಂತ ಟೀಚರ್ ಕಳಿಸಿದ್ದರು. ಮೊದಲ ದಿನ ತಟ್ಟೆಯಲ್ಲಿ ಎರಡು ಬಿಸ್ಕತ್ತು ಇಟ್ಟೆ. ಒಂದನ್ನು ಗಬಗಬ ತಿಂದ. ಇನ್ನೊಂದನ್ನು ನನ್ನ ಕಡೆ ತಳ್ಳಿದ, ಕೈಯಿಂದಲ್ಲ, ಪೆನ್ಸಿಲ್ ತುದಿಯಿಂದ. "ನಾನು ಮುಟ್ಟಿದ್ದು ತಿಂದರೆ ನಿಮಗೂ ಬರುತ್ತೆ" ಅಂದ.

ಏನು ಬರುತ್ತೆ ಅಂತ ಕೇಳಿದೆ. "ಕಿಂಡೋಕಿ."

ಕಾಂಗೋದವರ ಮಾತಿನಲ್ಲಿ ಕಿಂಡೋಕಿ ಅಂದರೆ ಮಾಟದ ಶಕ್ತಿ. ಯಾರೋ ಕೊಟ್ಟ ಬ್ರೆಡ್ಡು, ಕಡಲೆಕಾಯಿ ತಿಂದರೂ ಮಗುವಿಗೆ ಅದು ಅಂಟುತ್ತದೆ, ಆಮೇಲೆ ಮಗು ರಾತ್ರಿ ಹೊತ್ತು ಮನೆಯವರಿಗೇ ಕೇಡು ಮಾಡುತ್ತದೆ ಎಂಬ ನಂಬಿಕೆ. ಹಿಂದೆ ಈ ಆಪಾದನೆ ವಯಸ್ಸಾದವರ ಮೇಲೆ ಬರುತ್ತಿದ್ದದ್ದೇ ಜಾಸ್ತಿ. 1990ರ ದಶಕದಲ್ಲಿ ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ದುಡಿಮೆ ನೆಲ ಕಚ್ಚಿತು, ಯುದ್ಧ ಬಂತು, ಏಡ್ಸ್ ಎಷ್ಟೋ ತಂದೆತಾಯಿಯರನ್ನು ಕೊಂಡೊಯ್ದಿತು. ಅನಾಥ ಮಕ್ಕಳು ನೆಂಟರ ಮನೆ ಸೇರಿದರು. ಸಾಕಲು ಭಾರವಾದ ಮಗುವಿನ ಕಡೆಗೇ ಬೊಟ್ಟು ತಿರುಗಿತು. ಹೊಸ ರಿವೈವಲ್ ಚರ್ಚುಗಳಲ್ಲಿ ಕೆಲವು ಪಾಸ್ಟರುಗಳು ತಾವೇ ಮಗುವನ್ನು ಗುರುತಿಸಿ, ಉಪವಾಸ ಕೆಡವಿ, ಮಾಟ ಬಿಡಿಸುವ "ಬಿಡುಗಡೆ ಪ್ರಾರ್ಥನೆ" ನಡೆಸತೊಡಗಿದರು. ಮಗುವಿನ ಮೇಲೆ ಇಂಥ ಆಪಾದನೆ ಹೊರಿಸುವುದು 2009ರಿಂದ ಕಾಂಗೋದಲ್ಲೇ ಅಪರಾಧ. ಇದನ್ನು ವಿರೋಧಿಸುವ ಪಾಸ್ಟರುಗಳೂ ಅಲ್ಲಿದ್ದಾರೆ.

ಅಮ್ಮ ತೀರಿಕೊಂಡ ಮೇಲೆ ಜೋ ಲಂಡನ್ನಿನ ದೊಡ್ಡಮ್ಮನ ಮನೆಗೆ ಬಂದಿದ್ದ. ಅದೇ ವರ್ಷ ದೊಡ್ಡಪ್ಪನ ಕೆಲಸ ಹೋಯಿತು, ದೊಡ್ಡಮ್ಮನಿಗೆ ಗರ್ಭಪಾತವಾಯಿತು. ಹುಡುಗ ಹಾಸಿಗೆ ಒದ್ದೆ ಮಾಡುತ್ತಿದ್ದ. ಪಾಸ್ಟರ್ ಮೂರು ದಿನ ನೀರೂ ಇಲ್ಲದ ಉಪವಾಸ ಹೇಳಿದರು. ಎರಡನೇ ರಾತ್ರಿ ಅವನು "ಹೌದು, ಪಾಪುವನ್ನು ನಾನೇ ತಿಂದೆ" ಅಂದುಬಿಟ್ಟ. ಆಮೇಲೆ ಅನ್ನ ಕೊಟ್ಟರು. ಹಸಿವಿಗೆ ಆಡಿದ ಮಾತು ಮನೆಯವರಿಗೆ ಸಾಕ್ಷಿಯಾಯಿತು. ನನ್ನ ಮುಂದೆ ಕೂರುವ ಹೊತ್ತಿಗೆ ಅವನೂ ಅದನ್ನು ನಂಬಿದ್ದ. ಈ ಕೆಲಸದಲ್ಲಿ ನನ್ನ ಹೊಟ್ಟೆ ಇಷ್ಟು ಉರಿದದ್ದು ಇನ್ನಾವಾಗಲೂ ಇಲ್ಲ.

ಹಾಸಿಗೆ ಒದ್ದೆ ಅಂದ ಕೂಡಲೇ ನನಗೆ ಎದೆ ಧಸಕ್ಕೆಂದಿತ್ತು. 2010ರ ಕ್ರಿಸ್‌ಮಸ್ ದಿನ ಇದೇ ಪೂರ್ವ ಲಂಡನ್ನಿನಲ್ಲಿ 15 ವರ್ಷದ ಕ್ರಿಸ್ಟಿ ಬಾಮುವನ್ನು ಅವನ ಅಕ್ಕ ಮತ್ತು ಅವಳ ಸಂಗಾತಿ ದಿನಗಟ್ಟಲೆ ಹಿಂಸಿಸಿ ಕೊಂದರು. ಅವನ ಮೇಲೂ ಕಿಂಡೋಕಿಯ ಆಪಾದನೆ ಇತ್ತು. ಅವನೂ ಬಟ್ಟೆ ಒದ್ದೆ ಮಾಡಿಕೊಂಡಿದ್ದ.

ಹಾಗಾಗಿ ಅವತ್ತೇ ಶಾಲೆಯಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೆ ತಿಳಿಸಿದೆ. ಗುಟ್ಟು ಕಾಯುವುದು ನಮ್ಮ ಕೆಲಸದ ಧರ್ಮ, ನಿಜ. ಮಗುವಿನ ಜೀವದ ಪ್ರಶ್ನೆ ಬಂದಾಗ ಅದು ನಿಲ್ಲುವುದಿಲ್ಲ. ಜೋಗೂ ಇದನ್ನು ಮೊದಲೇ ಹೇಳಿದ್ದೆ. ಅವನು ಕೆಲವು ತಿಂಗಳು ಬೇರೊಂದು ಸಾಕುಮನೆಯಲ್ಲಿದ್ದ.

ದೊಡ್ಡಮ್ಮನ ಜೊತೆ ಮಾತಾಡಲು ಅವರ ಚರ್ಚಿಗೆ ಸಂಬಂಧವಿಲ್ಲದ ದುಭಾಷಿಯನ್ನೇ ಕರೆಸಿದೆವು. ಕಿಂಡೋಕಿ ಸುಳ್ಳು ಅಂತ ನಾನು ಹೇಳಲಿಲ್ಲ. ಬೀದರ್ ಕಡೆ ಬಾನಾಮತಿ ಭಯದ ನಡುವೆ ಬೆಳೆದವಳು ನಾನು. "ಅದೆಲ್ಲ ಸುಳ್ಳು" ಅಂದರೆ ಎದುರಿನವರ ಬಾಯಿ ಮುಚ್ಚುತ್ತದೆ, ಭಯ ಹಾಗೇ ಉಳಿಯುತ್ತದೆ.

"ಮಾಮಾ," ಅಂದೆ. ಅವರಲ್ಲಿ ಹಿರಿಯ ಹೆಂಗಸರನ್ನು ಕರೆಯುವುದು ಹೀಗೆ. "ಆತ್ಮಿಕ ಯುದ್ಧಕ್ಕೆ ಪಾಸ್ಟರ್ ಯಾವ ವಾಕ್ಯ ಓದುತ್ತಾರೆ?" ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ, ಆರನೇ ಅಧ್ಯಾಯ. ಅವರಿಗೆ ಬಾಯಿಪಾಠ. ನಮ್ಮ ಹೋರಾಟ ರಕ್ತಮಾಂಸದವರ ಜೊತೆಗಲ್ಲ ಅಂತ ಅದರಲ್ಲಿದೆ. "ಜೋ ರಕ್ತಮಾಂಸದ ಮಗು ಅಲ್ವಾ, ಮಾಮಾ? ನಿಮ್ಮ ತಂಗಿಯ ರಕ್ತ."

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಂಗಿಯ ಮಾತು ತೆಗೆದರು. ವೀಸಾ ಕಾಗದ ಸರಿಯಿಲ್ಲದೆ ಮಣ್ಣಿಗೂ ಹೋಗಲಾಗಲಿಲ್ಲವಂತೆ.

ನಾನು ಕೊಟ್ಟ ಸಲಹೆ ಇಷ್ಟು. ಪ್ರಾರ್ಥನೆ ಬಿಡಬೇಡಿ, ಆದರೆ ಅವನಿಗಾಗಿ ಮಾಡಿ, ಅವನ ಮೇಲೆ ಯುದ್ಧ ಹೂಡಬೇಡಿ. ಊಟ ನಿಲ್ಲಿಸುವುದು, ಹೊಡೆಯುವುದು, ಕಣ್ಣಿಗೆ ಖಾರ ಹಾಕುವುದು ಪ್ರಾರ್ಥನೆಯಲ್ಲ, ಕಾನೂನಿನ ಕಣ್ಣಲ್ಲಿ ಹಿಂಸೆ. ಹಾಸಿಗೆ ಒದ್ದೆಯಾಗುವುದಕ್ಕೆ ಡಾಕ್ಟರಿಗೆ ತೋರಿಸಿ. ಅಮ್ಮನನ್ನು ಕಳೆದುಕೊಂಡ, ಹೆದರಿದ ಮಕ್ಕಳಲ್ಲಿ ಇದು ಆಗುತ್ತದೆ. ಆ ಪಾಸ್ಟರ್ ಹತ್ತಿರ ಅವನನ್ನು ಮತ್ತೆ ಒಯ್ಯಬೇಡಿ. ಪಾಪುವನ್ನು ಅವನು ತಿನ್ನಲಿಲ್ಲ ಅಂತ ನಿಮ್ಮ ಬಾಯಿಂದಲೇ ಅವನಿಗೆ ಹೇಳಿ. ನಾನು ಹೇಳಿದರೆ ಸಾಲದು.

ಇದನ್ನು ಓದುವ ಟೀಚರುಗಳಿಗೂ ಒಂದು ಮಾತು. ಮಗು "ನನ್ನೊಳಗೆ ದೆವ್ವ ಇದೆ" ಅಂದರೆ ಸುಮ್ನೆ ನಕ್ಕು ಕಳಿಸಬೇಡಿ. ಯಾರು ಹೇಳಿದರು, ಆಮೇಲೆ ಏನು ಮಾಡಿದರು, ಕೊನೆಗೆ ಊಟ ಮಾಡಿದ್ದು ಯಾವಾಗ, ಕೇಳಿ.

ಸೋಷಿಯಲ್ ವರ್ಕರ್ ಕಣ್ಗಾವಲಿನಲ್ಲಿ ಜೋ ಈಗ ದೊಡ್ಡಮ್ಮನ ಮನೆಗೆ ಮರಳಿದ್ದಾನೆ. ವಾರಕ್ಕೆ ಎರಡು ರಾತ್ರಿ ಹಾಸಿಗೆ ಇನ್ನೂ ಒದ್ದೆಯಾಗುತ್ತದೆ. ಬೆಳಿಗ್ಗೆ ದೊಡ್ಡಮ್ಮ ಏನೂ ಅನ್ನದೆ ಚಾದರ ಮಷಿನ್ನಿಗೆ ಹಾಕಿ, ಅವನಿಗೆ ಟೀ ಮಾಡಿಕೊಡುತ್ತಾರಂತೆ.