ಬಾಯಿಮಾತಲ್ಲಿ ಹೇಳಿದ್ದು ಸಾಲದು, ಇವತ್ತೇ ಬರೆದು ಕೊಡಿ

ಮೂಟೆ ಎತ್ತುವಾಗ ಸೊಂಟ ಹಿಡಿದದ್ದನ್ನು ಸೂಪರ್‌ವೈಸರ್‌ಗೆ ಬಾಯಲ್ಲೇ ಹೇಳಿದ್ದೀರಿ, 10 ದಿನ ಕಳೆದಿದೆ, ಪರಿಹಾರ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ದಾರಿ ಮುಚ್ಚಿಲ್ಲ. ಆದರೆ ಇವತ್ತೇ ಕಂಪನಿಗೆ ಲಿಖಿತ ಸೂಚನೆ ಕೊಟ್ಟು, ನಕಲಿನ ಮೇಲೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಇ-ಮೇಲ್ ಮಾಡಿ. "ಕೆಲಸದಲ್ಲಿ ನೋವಾಯಿತು" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ದಿನ, ಗಂಟೆ, ಜಾಗ, ಮೂಟೆಯ ಅಂದಾಜು ತೂಕ, ಹೇಗೆ ತಿರುಗಿದಾಗ ನೋವು ಬಂತು, ಪಕ್ಕದಲ್ಲಿ ಯಾರಿದ್ದರು, ಬಾಯಲ್ಲಿ ಹೇಳಿದ್ದು ಯಾವಾಗ, ಎಲ್ಲ ಇರಲಿ.

ಅರ್ಜಿಗಳು ಹೆಚ್ಚಾಗಿ ಎಡವುವುದು ಡಾಕ್ಟರ ಚೀಟಿಯಲ್ಲಿ. ಗಡಿಬಿಡಿಯಲ್ಲಿ ನೀವು "ಮೂರ್ನಾಲ್ಕು ದಿನದಿಂದ ಸೊಂಟನೋವು" ಅಂದರೆ ಅವರು ಅಷ್ಟನ್ನೇ ಬರೆಯುತ್ತಾರೆ. ಕೆಲಸದ ಮಾತೇ ಇಲ್ಲದ ಆ ಒಂದು ಸಾಲನ್ನು ವಿಮೆಯವರು ಮೊದಲು ಎತ್ತಿ ಹಿಡಿಯುತ್ತಾರೆ. ಯಾವ ಕೆಲಸ ಮಾಡುವಾಗ ಆಯಿತೆಂದು ದಾಖಲಿಸಲು ಹೇಳಿ, ಹೊರಬರುವ ಮುನ್ನ ಓದಿ ನೋಡಿ.

ಹಳೆಯ ಸೊಂಟನೋವಿದ್ದರೆ ಮುಚ್ಚಿಡಬೇಡಿ. ಇದ್ದ ತೊಂದರೆ ಕೆಲಸದಿಂದ ಉಲ್ಬಣಿಸಿದರೂ ಅನೇಕ ಕಡೆ ಪರಿಹಾರವುಂಟು. ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಸಂಬಳದ ಚೀಟಿಗಳಲ್ಲಿ ಓವರ್‌ಟೈಮ್ ಇರುವವನ್ನೂ ಜೋಡಿಸಿ, ಎಷ್ಟೋ ಕಡೆ ಅದೂ ಪರಿಹಾರದ ಲೆಕ್ಕಕ್ಕೆ ಬರುತ್ತದೆ. ಹಗುರ ಕೆಲಸ ಕೊಟ್ಟರೆ, ಎಷ್ಟು ಕಿಲೋವರೆಗೆ ಎತ್ತಬಹುದೆಂದು ಡಾಕ್ಟರಿಂದ ಬರೆಸಿಕೊಂಡೇ ಒಪ್ಪಿ. "ಪೂರ್ಣ ಮತ್ತು ಅಂತಿಮ" (ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದರ್ಥ) ಎಂದಿರುವ ಕಾಗದಕ್ಕೆ ಗುಣವಾಗುವ ಮೊದಲು ಸಹಿ ಬೇಡವೇ ಬೇಡ, ಮುಂದೆ ಶಸ್ತ್ರಚಿಕಿತ್ಸೆ ಬಂದರೆ ಖರ್ಚು ನಿಮ್ಮ ತಲೆಗೇ ಬರಬಹುದು.