ಕ್ಯಾಶುವಾಲ್ಟಿಯಲ್ಲಿ ಸ್ಟಡಿಗೆ ಸೈನ್ ಮಾಡಿದ್ದು ತಪ್ಪಾಯ್ತಾ?

ತೋಟದಲ್ಲಿ ಅಪ್ಪನಿಗೆ ಹಾವು ಕಚ್ಚಿ ಕ್ಯಾಶುವಾಲ್ಟಿಗೆ ತಂದಾಗ "ಒಂದು ಸ್ಟಡಿ ಉಂಟು, ಇಲ್ಲಿ ಸೈನ್ ಮಾಡಿ" ಅಂದ್ರು, ಗಡಿಬಿಡಿಯಲ್ಲಿ ಮಾಡಿದೆ, ಈಗ ಅಪ್ಪನ ಮೇಲೆ ಪ್ರಯೋಗ ಮಾಡಿದ್ರಾ ಅಂತ ನಿದ್ದೆ ಬರುದಿಲ್ಲ ಅಂತ ಬರ್ದಿದ್ದೀರಿ. ನಾನು ಕಾಸರಗೋಡಿನವನೇ, ಬದಿಯಡ್ಕ ಕಡೆ, ಕ್ಯಾಶುವಾಲ್ಟಿ ಡ್ಯೂಟಿ ಮಾಡುವ ಡಾಕ್ಟರ್. ನೀವು ಸೈನ್ ಮಾಡಿದ್ದು ತಪ್ಪಲ್ಲ. ಆದ್ರೆ ನಿಮಗೆ ಅರ್ಥ ಆಗುವ ಹಾಗೆ ಹೇಳದೆ ಮಾಡಿಸಿದ್ದಾದ್ರೆ ಅದು ಅವರ ತಪ್ಪು, ನಿಮ್ಮದಲ್ಲ.

ಪ್ರಯೋಗ ಅಂದ್ರೆ ಎಂತ ಅಂತ ಹಾವಿನ ವಿಷಯದಲ್ಲೇ ಹೇಳ್ತೇನೆ. ಹಾವು ಕಚ್ಚಿದ್ರೆ ಕೊಡುವ ಎಎಸ್‌ವಿ ಕುದುರೆ ರಕ್ತದಿಂದ ಮಾಡುವ ಮದ್ದು, ಅದು ಹೋಗ್ತಾ ಇದ್ದ ಹಾಗೆ ಎಷ್ಟೋ ಜನಕ್ಕೆ ಮೈಯೆಲ್ಲ ದಡಿಕೆ ಏಳ್ತದೆ, ಕೆಲವರಿಗೆ ಉಸಿರು ಕಟ್ತದೆ, ಬಿಪಿ ಇಳಿದು ಹೋಗ್ತದೆ. ಹಾಗೆ ಆಗದಿರ್ಲಿ ಅಂತ ಮೊದಲೇ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್, ಅಲರ್ಜಿ ಇಂಜೆಕ್ಷನ್ ಹಾಕುದು ನಾನು ಹೌಸ್ ಸರ್ಜನ್ಸಿ ಮಾಡುವಾಗ ನೋಡಿದ ರೂಢಿ, ದೊಡ್ಡವರು ಹಾಕ್ತಿದ್ರು ನಾವೂ ಹಾಕಿದೆವು. ಶ್ರೀಲಂಕಾದವರು ಇದನ್ನ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟ ಮಾಡಿದ್ರು, 1007 ರೋಗಿಗಳು, ಎಲ್ಲರಿಗೂ ಎಎಸ್‌ವಿ ಸಿಕ್ಕಿತ್ತು, ಅದೂ ಇಂಡಿಯಾದಲ್ಲೇ ತಯಾರಾದ ಎಎಸ್‌ವಿ, ವ್ಯತ್ಯಾಸ ಇದ್ದದ್ದು ಅದಕ್ಕೆ ಮೊದಲು ಹಾಕಿದ ಇಂಜೆಕ್ಷನ್‌ನಲ್ಲಿ ಮಾತ್ರ, ಯಾರಿಗೆ ಯಾವುದು ಹೋಯ್ತು ಅಂತ ರೋಗಿಗೂ ಗೊತ್ತಿಲ್ಲ ಕೊಟ್ಟವರಿಗೂ ಗೊತ್ತಿಲ್ಲ. ಕೊನೆಗೆ ನೋಡಿದ್ರೆ ಚರ್ಮದ ಅಡಿಗೆ ಕಾಲು ಮಿಲಿಗ್ರಾಂ ಅಡ್ರಿನಲಿನ್ ಹಾಕಿದವರಲ್ಲಿ ಮೊದಲ ಒಂದು ಗಂಟೆಯ ಜೋರಿನ ರಿಯಾಕ್ಷನ್ 43 ಶೇಕಡಾ ಕಡಿಮೆ. ನಾವು ಅಷ್ಟು ನಂಬಿದ್ದ ಹೈಡ್ರೋಕಾರ್ಟಿಸೋನ್‌ನಿಂದ ಪ್ರಯೋಜನ ಕಾಣ್ಲಿಲ್ಲ. ಆ 1007 ಜನರ ಮನೆಯವರೂ ನಿಮ್ಮ ಹಾಗೇ ಹೆದರಿಕೊಂಡು ನಿಂತಿದ್ದವರೇ ಅಲ್ವಾ, ಅವರು ಒಪ್ಪದಿದ್ರೆ ನಾವು ಈಗಲೂ ರೂಢಿಯನ್ನೇ ನಂಬಿಕೊಂಡು ಇರ್ತಿದ್ದೆವು.

ಆಕ್ಸಿಡೆಂಟ್ ಕೇಸಿನಲ್ಲೂ ಹಾಗೇ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ 40 ದೇಶಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ಕ್ರ್ಯಾಶ್-2 ಸ್ಟಡಿ ಆಯ್ತು, ಇಂಡಿಯಾದ ಆಸ್ಪತ್ರೆಗಳೂ ಇದ್ದವು, 2010ರಲ್ಲಿ ಫಲಿತಾಂಶ ಬಂತು. ಮೂರು ಗಂಟೆ ಒಳಗೆ ಕೊಟ್ರೆ ಜೀವ ಉಳಿಸ್ತದೆ, ಅದು ದಾಟಿದ ಮೇಲೆ ಕೊಟ್ರೆ ಕೆಡುಕಾಗ್ಬಹುದು ಅಂತ ಗೊತ್ತಾದದ್ದು ಅದರಿಂದ.

ಈಗ ಸೈನ್ ವಿಷಯ. ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರೋಗಿಗೆ ಗೊತ್ತಿರುವ ಭಾಷೆಯಲ್ಲೇ ವಿವರಿಸ್ಬೇಕು, ಓದ್ಲಿಕ್ಕೆ ಬಾರದಿದ್ರೆ ಸ್ಟಡಿಗೆ ಸಂಬಂಧ ಇಲ್ಲದ ಒಬ್ಬರು ಸಾಕ್ಷಿ ಇರ್ಬೇಕು, ಬೇಡ ಅಂದ್ರೆ ಚಿಕಿತ್ಸೆಯಲ್ಲಿ ಒಂದು ಕೂದಲಷ್ಟೂ ಕಡಿಮೆ ಮಾಡುವ ಹಾಗಿಲ್ಲ, ಒಪ್ಪಿದ ಮೇಲೂ ಯಾವಾಗ ಬೇಕಾದ್ರೂ ಹಿಂದೆ ಸರಿಯಬಹುದು. ರೋಗಿಗೆ ಪ್ರಜ್ಞೆ ಇಲ್ಲದಿದ್ರೆ ಮನೆಯವರು. ಅವರೂ ಇಲ್ಲದ ತುರ್ತಿನಲ್ಲಿ ಸ್ಟಡಿ ನ್ಯಾಯವಾಗಿ ನಡೀತದಾ ಅಂತ ನೋಡುವ ಎಥಿಕ್ಸ್ ಕಮಿಟಿ ಮೊದಲೇ ಒಪ್ಪಿದ್ರೆ ಮಾತ್ರ ಸೇರಿಸಿ ಆಮೇಲೆ ಕೇಳಬಹುದು.

ನಮ್ಮ ಜಿಲ್ಲೆಯಲ್ಲಿ ಕಷ್ಟ ಇರುದು ಆ ಭಾಷೆಯಲ್ಲೇ. ನಾನು ಮೊದಲು ಇದ್ದ ಒಂದು ಆಸ್ಪತ್ರೆಯಲ್ಲಿ ಫಾರ್ಮ್ ಮಲಯಾಳ ಮತ್ತೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಮನೆಯಲ್ಲಿ ತುಳು, ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಕಲ್ತ ಒಬ್ಬರು ಅಮ್ಮ ಮಗನ ಪಕ್ಕ ನಿಂತು ನಾನು ಹೇಳಿದ್ದಕ್ಕೆಲ್ಲ "ಆವು, ಆವು" ಅಂತ ತಲೆ ಆಡಿಸಿದ್ರು, ಹೆಬ್ಬೆಟ್ಟು ಒತ್ತಿದ್ರು. ಅರ್ಧ ಗಂಟೆ ಕಳೆದು ನರ್ಸ್ ಹತ್ರ ಕೇಳಿದ್ರಂತೆ, ಒತ್ತದಿದ್ರೆ ಮದ್ದು ಕೊಡ್ತಿರ್ಲಿಲ್ವಾ ಅಂತ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಅವರು ಒಪ್ಪಿದ್ದಲ್ಲ, ಹೆದರಿದ್ದು. ಮರುದಿನ ಕೂತು ತುಳುವಿನಲ್ಲಿ ಮೊದಲಿಂದ ಹೇಳಿದೆ, ಬೇಡ ಅಂದ್ರು, ಹೆಸರು ತೆಗೆಸಿದೆ. ಈಗ ನಾನು ಕನ್ನಡ ಫಾರ್ಮ್ ಇಲ್ಲದೆ ಯಾರ ಸೈನೂ ತೆಗೊಳ್ಳುದಿಲ್ಲ.

ಆದ್ರೂ ಸ್ಟಡಿಯೇ ಬೇಡ ಅಂತ ಮಾತ್ರ ಹೇಳ್ಬೇಡಿ. ನಮ್ಮ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಅಡಿಕೆ ತೋಟ, ರಬ್ಬರ್ ತೋಟದಲ್ಲಿ ತರಗೆಲೆ ಎಡೆಯಲ್ಲಿ ಮಲಗುವ, ಮೂಗು ಸ್ವಲ್ಪ ಮೇಲೆ ಎದ್ದಿರುವ ಸಣ್ಣ ಮಂಡಲ ಉಂಟಲ್ಲ, ಅದರ ವಿಷ ಕಿಡ್ನಿಗೂ ಪೆಟ್ಟು ಕೊಡಬಹುದು, ಈ ಎಎಸ್‌ವಿ ಅದಕ್ಕೆ ಆಗುದಿಲ್ಲ. ಅದಕ್ಕೆ ಮದ್ದು ಬೇಕಾದ್ರೆ ಇಂಥ ತೋಟಗಳಿಂದ ಬರುವ ರೋಗಿಗಳ ಲೆಕ್ಕ, ರಕ್ತದ ರಿಪೋರ್ಟ್ ಎಲ್ಲ ಸೇರ್ಬೇಕು, ಬೇರೆ ದಾರಿ ಇಲ್ಲ.

ನೀವು ನಾಳೆಯೇ ಹೋಗಿ ಸೈನ್ ಮಾಡಿದ ಫಾರ್ಮಿನ ಕಾಪಿ ಕೇಳಿ, ಅದು ನಿಮ್ಮ ಹಕ್ಕು. ಅದ್ರಲ್ಲಿ ಎಥಿಕ್ಸ್ ಕಮಿಟಿಯ ನಂಬರ್ ಇರ್ಬೇಕು, ಸಂಶಯ ಇದ್ರೆ ಡಾಕ್ಟರನ್ನ ದಾಟಿ ನೇರ ಅಲ್ಲಿಗೇ ಕೇಳಿ. ಅಪ್ಪನಿಗೆ ಸ್ಟಡಿ ಇಲ್ಲದಿದ್ರೆ ಯಾವ ಚಿಕಿತ್ಸೆ ಸಿಗ್ತಿತ್ತು, ಈಗ ಯಾವುದು ಸಿಕ್ಕಿತು, ಈ ಎರಡು ಕೇಳಿದ್ರೆ ಸಾಕು, ನಿಮ್ಮ ಸಂಶಯಕ್ಕೆ ಉತ್ತರ ಅದ್ರಲ್ಲೇ ಸಿಗ್ತದೆ. ಮತ್ತೆ ಅಪ್ಪನಿಗೆ ಮೂತ್ರ ಕಡಿಮೆ ಆದ್ರೆ, ಬಣ್ಣ ಕೆಂಪಾದ್ರೆ, ಒಸಡಿನಲ್ಲಿ ರಕ್ತ ಕಂಡ್ರೆ ಇದನ್ನೆಲ್ಲ ಬಿಟ್ಟು ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ.